ಚರ್ಚ್‌ಗೊಂದು ಜಾಲತಾಣ ಖಾತೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೆಡುತ್ತದೆ

ಭಾನುವಾರದ ಪೂಜೆಯ ಕೊನೆಯಲ್ಲಿ ಪ್ರಕಟಣೆ ಓದುವಾಗ ಕೆಲವರು ಆಗಲೇ ಬೈಕ್ ಹತ್ತಿರುತ್ತಾರೆ. ಇನ್ನು ಕೆಲವರು ದುಬೈಯಲ್ಲೋ ಕುವೈತ್‌ನಲ್ಲೋ ಇರುತ್ತಾರೆ. ಕರಾವಳಿಯ ಚರ್ಚ್‌ಗಳು ರೀಲ್ಸ್ ಮಾಡಲು ಹೊರಡುವ ಮುಂಚೆ ಈ ಪ್ರಕಟಣೆಯನ್ನು ಸರಿಯಾಗಿ ತಲುಪಿಸುವುದು ಒಳ್ಳೆಯದು.

ಮೊದಲು ಒಂದು ಸಿಮ್, ಒಂದು ಜಿಮೇಲ್

ಎರಡೂ ಚರ್ಚ್ ಕಚೇರಿಯ ಹೆಸರಿನಲ್ಲೇ ಇರಲಿ. ಯುವ ಸಂಘಟನೆಯ ಅಧ್ಯಕ್ಷರ ಖಾಸಗಿ ಜಿಮೇಲ್‌ನಲ್ಲಿ ಯೂಟ್ಯೂಬ್ ಚಾನೆಲ್ ತೆರೆದರೆ, ಅವರು ಕೆಲಸ ಸಿಕ್ಕಿ ಗಲ್ಫ್‌ಗೆ ಹೋದ ದಿನವೇ ಪಾಸ್‌ವರ್ಡ್ ಕೂಡ ಹೋದಂತೆ. ಪಾಸ್‌ವರ್ಡ್ ಹಂಚಬೇಡಿ, ಯೂಟ್ಯೂಬ್ ಸ್ಟುಡಿಯೊದ ‘ಪರ್ಮಿಶನ್ಸ್’ನಲ್ಲಿ ಇಬ್ಬರು ಮೂವರನ್ನು ಎಡಿಟರ್ ಮಾಡಿ, ಬಿಟ್ಟುಹೋಗುವವರ ಹೆಸರು ತೆಗೆದುಹಾಕಿ. ಎರಡು ಹಂತದ ದೃಢೀಕರಣದ ಬ್ಯಾಕಪ್ ಕೋಡ್‌ಗಳ ಪ್ರಿಂಟ್ ತೆಗೆದು ಜ್ಞಾನಸ್ನಾನದ ರಿಜಿಸ್ಟರ್ ಇರುವ ಕಪಾಟಿನಲ್ಲಿಡಿ. ಸಿಮ್‌ಗೆ ರೀಚಾರ್ಜ್ ಮಾಡುತ್ತಿರಿ. ಪ್ರಿಪೇಯ್ಡ್ ನಂಬರ್ 90 ದಿನ ಬಳಕೆಯೇ ಇಲ್ಲದೆ ಬಿದ್ದಿದ್ದರೆ ರದ್ದಾಗಿ ಮುಂದೆ ಬೇರೆಯವರ ಕೈಸೇರಬಹುದು.

ವಾಟ್ಸ್‌ಆ್ಯಪ್: ಪ್ರಕಟಣೆ ಬೇರೆ, ಹರಟೆ ಬೇರೆ

ಒಂದೇ ಗ್ರೂಪ್ ಮಾಡಿ ಊರನ್ನೆಲ್ಲ ಸೇರಿಸುವುದು ಎಲ್ಲರೂ ಮಾಡುವ ತಪ್ಪು. ಗ್ರೂಪ್‌ನಲ್ಲಿ 1,024 ಜನ ಹಿಡಿಸುತ್ತಾರೆ, ನಿಜ. ಆದರೆ ಗುಡ್ ಮಾರ್ನಿಂಗ್ ಹೂವುಗಳ ನಡುವೆ ‘ನಾಳೆ ಪೂಜೆ 7ಕ್ಕಲ್ಲ, 6.30ಕ್ಕೆ’ ಎಂಬ ಸಾಲು ಯಾರಿಗೂ ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ನಂಬರ್‌ಗಳ ಮಿತಿ. ಅದೂ ಚರ್ಚ್‌ನ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ‘ನಮಗೆ ಬರಲೇ ಇಲ್ಲ’ ಎಂಬ ತಕರಾರು ಹುಟ್ಟುವುದು ಇಲ್ಲೇ.

ಪ್ರಕಟಣೆಗೆ ವಾಟ್ಸ್‌ಆ್ಯಪ್ ಚಾನೆಲ್ ತೆರೆದು, ಅದರ ಕ್ಯೂಆರ್ ಕೋಡನ್ನು ಚರ್ಚ್ ಬಾಗಿಲಿಗೆ ಅಂಟಿಸಿ. ಅಲ್ಲಿ ಸೇರಿದವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಮಾತುಕತೆಗೆ ವಾಳೆಗೊಂದು (ಚರ್ಚ್‌ನ ವಾರ್ಡಿಗೊಂದು) ಗ್ರೂಪ್ ಇರಲಿ, ವಾಳೆಯ ಮುಖ್ಯಸ್ಥರಾದ ಗುರಿಕಾರರೇ ಅಡ್ಮಿನ್ ಆಗಲಿ. ಚಾನೆಲ್ ಸಾರ್ವಜನಿಕ, ಆಸ್ಪತ್ರೆಯಲ್ಲಿರುವವರ ಹೆಸರು ಅಲ್ಲಿ ಬೇಡ. ಪ್ರಾರ್ಥನೆಯ ಕೋರಿಕೆ ಮನೆಯವರ ಒಪ್ಪಿಗೆಯಿದ್ದರೆ ವಾಳೆಯ ಗ್ರೂಪ್‌ನಲ್ಲಿ ಸಾಕು.

ಬಣ್ಣದ ಪೋಸ್ಟರ್ ಆಮೇಲೆ ಹಾಕಿ, ಮೊದಲು ಅಕ್ಷರ. ಪೋಸ್ಟರ್‌ನೊಳಗಿನ ಸಮಯ ನಾಲ್ಕು ದಿನದ ಬಳಿಕ ಹುಡುಕಿದರೆ ಸಿಗುವುದಿಲ್ಲ. ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ, ಅದರ ಮುಂಚಿನ ಒಂಬತ್ತು ದಿನದ ನೊವೆನಾ ಪ್ರಾರ್ಥನೆಗೆ ಹೀಗೆ ಬರೆದರಾಯಿತು: ‘ಮೊಂತಿ ಹಬ್ಬ, ಸೆ. 8. ತೆನೆ ಆಶೀರ್ವಾದ 7.15, ಗ್ರೊಟ್ಟೊ ಬಳಿ. ಪೂಜೆ 7.30. ಮಕ್ಕಳು ಹೂವು ತರುವುದು. ನೊವೆನಾ ಆ. 30ರಿಂದ.’

ಸಾವಿನ ಸುದ್ದಿಗೆ ಬೇರೆಯೇ ಶಿಸ್ತು ಬೇಕು. ಮನೆಯವರು ಕಚೇರಿಗೆ ಸಮಯ ಖಚಿತಪಡಿಸುವವರೆಗೆ ಏನನ್ನೂ ಹಾಕಬೇಡಿ. ಹೆಸರು, ವಯಸ್ಸು, ವಾಳೆ, ಮನೆಯಿಂದ ಹೊರಡುವ ಹೊತ್ತು, ಪೂಜೆಯ ಹೊತ್ತು, ಇಷ್ಟೇ. ಗ್ರೂಪ್ ಸಂದೇಶವನ್ನು 15 ನಿಮಿಷದೊಳಗೆ ಮಾತ್ರ ತಿದ್ದಬಹುದು. ತಡವಾದರೆ ಅಳಿಸಿ, ‘ಬದಲಾದ ಸಮಯ’ ಎಂದೇ ಶುರುಮಾಡಿ ಹೊಸದು ಹಾಕಿ. ಪರದೇಶದಲ್ಲಿರುವ ಮಕ್ಕಳಿಗಾಗಿ ಅಂತ್ಯಕ್ರಿಯೆಯ ನೇರಪ್ರಸಾರ ಮಾಡುವುದಾದರೆ ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಆಯ್ದು ಲಿಂಕನ್ನು ಮನೆಯವರಿಗಷ್ಟೇ ಕೊಡಿ.

ನೇರಪ್ರಸಾರ: ಕ್ಯಾಮೆರಾಗಿಂತ ಧ್ವನಿ

ಫೋನಿನಿಂದ ಯೂಟ್ಯೂಬ್ ಲೈವ್ ಮಾಡಲು ಕನಿಷ್ಠ 50 ಸಬ್‌ಸ್ಕ್ರೈಬರ್‌ಗಳು ಬೇಕು, ಮೊದಲ ಸಲ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು. ಹಬ್ಬದ ಹಿಂದಿನ ರಾತ್ರಿ ಹೊರಟರೆ ಆಗದು. ಫೇಸ್‌ಬುಕ್ ಲೈವ್ ವಿಡಿಯೊಗಳು 2025ರಿಂದ 30 ದಿನಗಳ ಬಳಿಕ ಅಳಿಸಿಹೋಗುತ್ತವೆ. ಉಳಿಸಬೇಕಾದ್ದನ್ನು ಅದಕ್ಕೆ ಮೊದಲೇ ಇಳಿಸಿಕೊಳ್ಳಿ.

ಸಮಿತಿಗಳು ಕ್ಯಾಮೆರಾಕ್ಕೆ ಸುರಿಯುವ ದುಡ್ಡಿನ ಕಾಲುಭಾಗ ಧ್ವನಿಗೆ ಹಾಕಿದರೆ ಸಾಕು. ಹಿಂದಿನ ಸಾಲಿನಲ್ಲಿಟ್ಟ ಫೋನಿನ ಮೈಕ್‌ನಲ್ಲಿ ಪ್ರವಚನ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಮಿಕ್ಸರ್‌ನ ಆಕ್ಸ್ ಔಟ್‌ನಿಂದ (ಸ್ಪೀಕರ್‌ಗೆ ಹೋಗುವುದಕ್ಕಿಂತ ಬೇರೆಯಾಗಿ ಧ್ವನಿ ಹೊಂದಿಸಿ ಕಳಿಸುವ ಕಿಂಡಿ) ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮೂಲಕ ಫೋನಿಗೆ ಕೊಡಿ. ಕೇಬಲನ್ನು ನೇರ ಹೆಡ್‌ಫೋನ್ ಜಾಕ್‌ಗೆ ಚುಚ್ಚಿದರೆ ಸಿಗ್ನಲ್ ಜಾಸ್ತಿಯಾಗಿ ಧ್ವನಿ ಒಡೆಯುತ್ತದೆ. ಸ್ಪೀಕರ್‌ಗಳಿಗೆ ಹೋಗುವ ಮೈನ್ ಔಟ್ ಕೂಡ ಬೇಡ. ಮೈಕ್ ಇಲ್ಲದೆಯೂ ಒಳಗೆ ಕೇಳಿಸುವ ಗಾಯನ ಅದರಲ್ಲಿ ಕ್ಷೀಣ, ಕೀಬೋರ್ಡ್ ಮಾತ್ರ ಜೋರು. ಭಕ್ತರ ಉತ್ತರಗಳಿಗೆ ಜನರ ಕಡೆಗೊಂದು ಮೈಕ್ ಇಟ್ಟು, ಅದನ್ನು ಆಕ್ಸ್‌ಗಷ್ಟೇ ಕಳಿಸಿ. ಸ್ಪೀಕರ್‌ಗೆ ಹೋದರೆ ಶಿಳ್ಳೆ ಹೊಡೆಯುತ್ತದೆ.

ಇಂಟರ್‌ನೆಟ್ ವೇಗವನ್ನು ಖಾಲಿ ಚರ್ಚ್‌ನಲ್ಲಿ ನೋಡಿ ಖುಷಿಪಡಬೇಡಿ. ನೂರಾರು ಫೋನ್‌ಗಳು ಒಳಗೆ ಬಂದಾಗ ಮೊಬೈಲ್ ಡೇಟಾ ಕುಸಿಯುತ್ತದೆ; ಬ್ರಾಡ್‌ಬ್ಯಾಂಡ್ ಇದ್ದರೆ ಕ್ಷೇಮ. 720ಪಿ ಪ್ರಸಾರಕ್ಕೆ ಅಪ್‌ಲೋಡ್ ವೇಗ ಸ್ಥಿರವಾಗಿ 5 ಎಂಬಿಪಿಎಸ್‌ಗಿಂತ ಮೇಲಿರಲಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಆನ್ ಮಾಡಿ, ಇಲ್ಲದಿದ್ದರೆ ಯಾರದೋ ಕರೆ ಬಂದು ಪ್ರಸಾರ ನಿಲ್ಲುತ್ತದೆ. ಪೀಠದ ಹಿಂದೆ ಕಿಟಕಿಯಿದ್ದರೆ ಧರ್ಮಗುರುಗಳ ಮುಖ ಕಪ್ಪಾಗುತ್ತದೆ. ಪರದೆಯಲ್ಲಿ ಮುಖವನ್ನು ಒತ್ತಿಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ. ಧ್ವನಿಮುದ್ರಿತ ಕ್ಯಾಸೆಟ್ ಹಾಡು, ಕರೋಕೆ ಟ್ರ್ಯಾಕ್ ನುಡಿಸಿದರೆ ಯೂಟ್ಯೂಬ್ ತಾನಾಗಿಯೇ ಕಾಪಿರೈಟ್ ಕ್ಲೇಮ್ ಹಾಕಬಹುದು.

ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ (ಪರಮಪ್ರಸಾದ, ಪಾಪನಿವೇದನೆಯಂಥವು) ಎಂದು ವ್ಯಾಟಿಕನ್ 2002ರಲ್ಲೇ ಹೇಳಿದೆ. ಲೈವ್ ಇರುವುದು ಹಾಸಿಗೆ ಹಿಡಿದವರಿಗೆ, ದೂರದವರಿಗೆ; ಸೋಮಾರಿಗಳಿಗಲ್ಲ.

ಹಣ, ಮಕ್ಕಳು

ದೇಣಿಗೆಯ ಕ್ಯೂಆರ್ ಕೋಡ್ ಹಾಕುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವ ಗಲ್ಫ್ ನೌಕರ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅದೇ ವಾಳೆಯವರು ಕೆನಡಾ ಪೌರರಾಗಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಸಿಗುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ವ್ಯಾಪ್ತಿಗೆ ಬರುತ್ತದೆ. ನೋಂದಣಿ ಇರುವವರೂ ಆ ಹಣವನ್ನು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ಧರ್ಮಗುರುಗಳ ಫೋಟೊ ಹಾಕಿದ ನಕಲಿ ನಂಬರ್‌ನಿಂದ ‘ತುರ್ತಾಗಿ ದುಡ್ಡು ಬೇಕು’ ಎಂದು ಬೇಡುವ ವಂಚನೆಯೂ ಇದೆ. ಚರ್ಚ್ ಖಾಸಗಿ ನಂಬರ್‌ನಿಂದ ಹಣ ಕೇಳುವುದಿಲ್ಲ ಎಂದು ವಾಳೆಯ ಗ್ರೂಪ್‌ಗಳಲ್ಲಿ ಪಿನ್ ಮಾಡಿಡಿ.

ಮಕ್ಕಳ ಫೋಟೊಗೆ ಹೆತ್ತವರ ಲಿಖಿತ ಒಪ್ಪಿಗೆ ಪಡೆಯಿರಿ. ಫೋಟೊದ ಕೆಳಗೆ ಮಗುವಿನ ಹೆಸರು, ಶಾಲೆ ಬರೆಯಬೇಡಿ.

ಹೊಸಬರನ್ನು ಕರೆತರುವುದು ಮ್ಯಾಪ್

ಹೊಸಬರು ಮೊದಲು ನೋಡುವುದು ಇನ್‌ಸ್ಟಾಗ್ರಾಂ ಅಲ್ಲ, ಗೂಗಲ್ ಮ್ಯಾಪ್. ಮಂಗಳೂರಿಗೆ ಓದಲು ಬಂದ ಹುಡುಗಿ ‘ಹತ್ತಿರದ ಚರ್ಚ್’ ಎಂದು ಹುಡುಕಿದಾಗ ಹಳೆಯ ಸಮಯ ಕಂಡರೆ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾಳೆ. ಚರ್ಚ್‌ನ ಪುಟವನ್ನು ಗೂಗಲ್‌ನಲ್ಲಿ ನಿಮ್ಮದೆಂದು ದೃಢೀಕರಿಸಿಕೊಂಡು, ಕೊಂಕಣಿ, ಕನ್ನಡ, ಇಂಗ್ಲಿಷ್ ಪೂಜೆಗಳ ಹೊತ್ತನ್ನು ಬೇರೆಬೇರೆಯಾಗಿ ಬರೆಯಿರಿ. ಪವಿತ್ರ ವಾರಕ್ಕೂ ಕ್ರಿಸ್ಮಸ್‌ಗೂ ‘ವಿಶೇಷ ಸಮಯ’ವನ್ನು ವಾರ ಮೊದಲೇ ತುಂಬಿಸಿ, ಪಾರ್ಕಿಂಗ್ ಗೇಟ್ ಯಾವ ಕಡೆ ಎಂಬುದರ ಒಂದು ಫೋಟೊ ಸೇರಿಸಿ.