ರಾಜ್‌ದೂತ್ 350ರ ಬಲಗಡೆ ಕಾರ್ಬುರೇಟರಿಗೆ ಪೆಟ್ರೋಲ್ ತಲುಪಿಸಿದ್ದು

ದಾಬಸ್‌ಪೇಟೆ ದಾಟಿದ ಮೇಲೆ ಗಾಡಿ ಸದ್ದು ಬದಲಾಯಿತು. ಎಂಬತ್ತರ ವೇಗದಲ್ಲಿ ಚೆನ್ನಾಗಿಯೇ ಹೋಗುತ್ತಿದ್ದದ್ದು ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಸೊರಗಿತು. ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿದೆ. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಹತ್ತು ಕಿಲೋಮೀಟರ್ ಹೋದ ಮೇಲೆ ಮತ್ತೆ ಅದೇ ಕತೆ.

ನನ್ನದು ರಾಜ್‌ದೂತ್ 350. ಯಮಹಾ ಆರ್‌ಡಿ 350ಯನ್ನೇ ಎಸ್ಕಾರ್ಟ್ಸ್‌ನವರು 1983ರಿಂದ ಇಲ್ಲಿ ಮಾಡಿದರಲ್ಲ, ಅದು. 347 ಸಿಸಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್, ಪೆಟ್ರೋಲನ್ನು ಗಾಳಿಗೆ ಬೆರೆಸಿ ಕೊಡುವ ಕಾರ್ಬುರೇಟರ್ ಒಂದೊಂದು ಸಿಲಿಂಡರಿಗೆ ಒಂದೊಂದು. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಮ್ಮಿಯಾದರೆ ಬರೀ ಪಿಕಪ್ ಹೋಗುವುದಿಲ್ಲ, ಪಿಸ್ಟನ್ ಕಾದು ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನೊಳಗೇ ಕಚ್ಚಿಕೊಂಡುಬಿಡುತ್ತದೆ. ಹಾಗಾಗಿ ಆಮೇಲೆ ನೋಡೋಣ ಅಂತ ಬಿಡುವ ಹಾಗಿರಲಿಲ್ಲ.

ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತೂತು ಮುಚ್ಚಿರಬೇಕು ಅಂದುಕೊಂಡೆ. ಆದರೆ ಹಾಗಿದ್ದರೆ ಎರಡೂ ಸಿಲಿಂಡರಿಗೆ ಪೆಟ್ರೋಲ್ ಕಮ್ಮಿಯಾಗಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಎಡಗಡೆಯದು ಬಿಸ್ಕತ್ ಬಣ್ಣ, ಅದು ಸರಿ. ಬಲಗಡೆಯದು ಸುಣ್ಣದ ಹಾಗೆ ಬಿಳಿ, ಪೆಟ್ರೋಲ್ ಸಾಲದಿದ್ದರೆ ಹಾಗಾಗುತ್ತದೆ. ಅಂದರೆ ತೊಂದರೆ ಒಂದೇ ಕಡೆ.

ನಮ್ಮ ಏರಿಯಾದಲ್ಲಿ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರೂ ಭಾಯ್ ಅಂತಾರೆ. ಅವರು ಬಗ್ಗಿ ಒಮ್ಮೆ ನೋಡಿದರು. "ಸಾರ್, ನೀರು ತಾನಾಗಿ ಗುಡ್ಡ ಹತ್ತುತ್ತಾ?" ಅಂದರು.

"ಇಲ್ಲ."

"ಮತ್ತೆ ಪೆಟ್ರೋಲ್ ಯಾಕೆ ಹತ್ತಬೇಕು?"

ಟ್ಯಾಂಕಿನ ಎಡಗಡೆ ಒಂದೇ ಬಾಯಿಯ ಕಾಕ್, ಅಂದರೆ ಪೆಟ್ರೋಲ್ ಬಿಡುವ ನಲ್ಲಿ, ಇತ್ತು. ಹಿಂದೆ ಯಾರೋ ಬೇರೆ ಗಾಡಿಯದ್ದನ್ನು ಹಾಕಿದ್ದಾರೆ. ಅದರಿಂದ ಒಂದು ಪೈಪು, ಅದನ್ನು ಎರಡು ಕವಲು ಮಾಡಲು T ಆಕಾರದ ಒಂದು ಜೋಡಣೆ, ಅದೇ ಟೀ. ಎಡಗಡೆಗೆ ನೇರ ಇಳಿಯುತ್ತದೆ. ಬಲಗಡೆಗೆ ಹೋಗುವ ಪೈಪು ಮಾತ್ರ ಫ್ರೇಮಿನ ಮೇಲೆ ಹತ್ತಿ, ಆಚೆ ಇಳಿದು ಕಾರ್ಬುರೇಟರ್ ಸೇರುತ್ತಿತ್ತು. ನಮ್ಮ ಗಾಡಿಗೆ ಪಂಪ್ ಇಲ್ಲ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಟ್ಯಾಂಕ್ ತುಂಬಿದ್ದಾಗ ಮೇಲಿನ ಒತ್ತಡಕ್ಕೆ ಆ ಉಬ್ಬನ್ನು ಹೇಗೋ ದಾಟುತ್ತದೆ. ಟ್ಯಾಂಕ್ ಖಾಲಿಯಾಗುತ್ತ ಬಂದ ಹಾಗೆ ಉಬ್ಬಿನ ನೆತ್ತಿಯಲ್ಲಿ ಗಾಳಿಗುಳ್ಳೆ ಕೂತುಬಿಡುತ್ತದೆ. ಗಾಡಿ ನಿಲ್ಲಿಸಿದಾಗ ಕಾರ್ಬುರೇಟರಿನ ಕೆಳಗಿನ ಪೆಟ್ರೋಲ್ ಬಟ್ಟಲು ನಿಧಾನಕ್ಕೆ ತುಂಬಿಕೊಳ್ಳುತ್ತದೆ, ಅದಕ್ಕೇ ಐದು ನಿಮಿಷದಲ್ಲಿ ಸ್ಟಾರ್ಟ್ ಆಗುತ್ತಿದ್ದದ್ದು.

ಟೀ ಬಿಚ್ಚಿ ನೋಡಿ ನಗು ಬಂತು. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪ್ಲಾಸ್ಟಿಕ್ ಟೀ ಅದು! ಒಳಗಿನ ತೂತು ಮೂರು ಮಿಲಿಮೀಟರ್ ಕೂಡ ಇಲ್ಲ, ಜೊತೆಗೆ ಸೀಳು ಬಿಟ್ಟಿತ್ತು.

ಬಿಚ್ಚುವ ಮೊದಲೇ ಅಳತೆ ಮಾಡಿಟ್ಟುಕೊಂಡಿದ್ದು ಒಳ್ಳೆಯದಾಯಿತು. ಎರಡೂ ಪೈಪುಗಳ ತುದಿಯನ್ನು ಕಾರ್ಬುರೇಟರಿನಿಂದ ಕಳಚಿ, ಎರಡು ಬಾಟಲಿಗೆ ಒಟ್ಟಿಗೇ ಒಂದು ನಿಮಿಷ ಬಿಟ್ಟೆ. ಇಲ್ಲಿ ಒಂದು ವಿಷಯ ಇದೆ. ಪೈಪಿನ ತುದಿ ಕಾರ್ಬುರೇಟರಿನ ಬಾಯಿಯ ಎತ್ತರದಲ್ಲೇ ಇರಬೇಕು. ಬಾಟಲಿಯೊಳಗೆ ಕೆಳಕ್ಕೆ ಇಳಿಬಿಟ್ಟರೆ ಜಾಸ್ತಿ ಹರಿಯುತ್ತದೆ, ಲೆಕ್ಕ ಸುಳ್ಳಾಗುತ್ತದೆ. ನಾನು ಮೊದಲ ಸಲ ಹಾಗೇ ಮಾಡಿ ಎಲ್ಲ ಸರಿಯಿದೆ ಅಂದುಕೊಂಡಿದ್ದೆ. ಟ್ಯಾಂಕಿನಲ್ಲಿ ಮೂರು ಲೀಟರ್ ಇದ್ದಾಗ ಸರಿಯಾಗಿ ಅಳೆದರೆ ಎಡಕ್ಕೆ 160 ಮಿಲಿ, ಬಲಕ್ಕೆ 40, ಅದೂ ಬಿಟ್ಟು ಬಿಟ್ಟು. ನೂರರ ವೇಗದಲ್ಲಿ ಲೀಟರಿಗೆ 12 ಕಿಲೋಮೀಟರ್ ಅಂತ ಹಿಡಿದರೆ ಗಂಟೆಗೆ ಎಂಟು ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ನಿಮಿಷಕ್ಕೆ ಒಂದೊಂದು ಸಿಲಿಂಡರಿಗೆ ಸುಮಾರು 70 ಮಿಲಿ. ಪೂರ್ತಿ ಆಕ್ಸಲರೇಟರ್ ತಿರುಗಿಸಿದರೆ ಇನ್ನೂ ಜಾಸ್ತಿ. 40ರಲ್ಲಿ ಏನಾಗುತ್ತದೆ?

ಗಾಡಿಯ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಎರಡು ಬಾಯಿಯ ಕಾಕ್ ಸಿಕ್ಕಿದ್ದರೆ ಟೀ ತಂಟೆಯೇ ಇರುತ್ತಿರಲಿಲ್ಲ. ಸಿಗಲಿಲ್ಲ. ಸಿಕ್ಕಿದ್ದು ಒಂದು ಹಿತ್ತಾಳೆ ಟೀ, ಒಳಗೆ ನೂಲಿನ ಹೆಣಿಗೆ ಇರುವ ಆರು ಮಿಲಿಮೀಟರ್ ರಬ್ಬರ್ ಪೈಪು, ಸ್ಪ್ರಿಂಗ್ ಕ್ಲಿಪ್‌ಗಳು. ಪಾರದರ್ಶಕ ಪೈಪು ನೋಡಲು ಚೆಂದ, ಪೆಟ್ರೋಲ್ ಕಾಣುತ್ತದೆ ಅಂತ ಬಹಳ ಜನ ಹಾಕಿಸುತ್ತಾರೆ. ನನ್ನ ಹಳೆಯದು ಅದೇ. ಹಳದಿಯಾಗಿ ಕಡ್ಡಿಯ ಹಾಗೆ ಗಟ್ಟಿಯಾಗಿತ್ತು. ಈಗ ಬಂಕ್‌ನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಹಾಗಾಗಿ ಎಥೆನಾಲ್ ತಡೆಯುವ ಪೈಪೇ ಬೇಕು ಅಂತ ಅಂಗಡಿಯವರನ್ನು ಕೇಳಿ ತಂದೆ. ತಿರುಪು ಕ್ಲಿಪ್ ಬೇಡ ಅಂದೆ, ಬಿಗಿ ಮಾಡಿದರೆ ಪೈಪಿನೊಳಗೇ ಕೊರೆಯುತ್ತದೆ.

ಕೆಲಸ ಮಾಡಿದ್ದು ಅಂಗಳದಲ್ಲಿ, ಬ್ಯಾಟರಿ ತಂತಿ ಕಳಚಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡು. ಅಮ್ಮ ಆರು ಗಂಟೆಗೆ ತುಳಸಿ ಮುಂದೆ ದೀಪ ಹಚ್ಚುತ್ತಾರೆ. ಅಷ್ಟರೊಳಗೆ ಪೆಟ್ರೋಲ್ ಎಲ್ಲ ಕ್ಯಾನಿಗೆ ಹಾಕಿ ಮುಚ್ಚಿಡಬೇಕು ಅಂತ ಕರಾರು.

ಮೊದಲು ಪೈಪು ಕತ್ತರಿಸಲಿಲ್ಲ. ಒಂದು ದಪ್ಪ ತಂತಿಯನ್ನು ಬಗ್ಗಿಸಿ ದಾರಿ ಮಾಡಿಕೊಂಡೆ. ಟೀಯನ್ನು ಎರಡು ಕಾರ್ಬುರೇಟರಿನ ನಡುವೆ, ಕಾಕ್‌ಗಿಂತ ಕೆಳಗೆ, ಕಾರ್ಬುರೇಟರ್ ಬಾಯಿಗಿಂತ ಸ್ವಲ್ಪ ಮೇಲೆ ಇಟ್ಟೆ. ಬಲಗಡೆಯ ಪೈಪು ಫ್ರೇಮಿನ ಮೇಲೆ ಹೋಗದೆ ಕೆಳಗೆ ಹಾದು, ಸಿಲಿಂಡರಿನಿಂದ ಎರಡು ಬೆರಳು ದೂರದಲ್ಲಿ ಇಳಿಯುತ್ತದೆ. ಎಲ್ಲೂ ಮೇಲೇರುವುದಿಲ್ಲ. ತಂತಿಯ ಅಳತೆಗಿಂತ ಎರಡು ಸೆಂಟಿಮೀಟರ್ ಜಾಸ್ತಿ ಬಿಟ್ಟು, ಹೊಸ ಬ್ಲೇಡಿನಲ್ಲಿ ಕತ್ತರಿಸಿದೆ. ಕತ್ತರಿಯಲ್ಲಿ ಮಾಡಿದರೆ ತುದಿ ಚಪ್ಪಟೆಯಾಗುತ್ತದೆ. ತುದಿಯನ್ನು ಬಿಸಿನೀರಿಗೆ ಅದ್ದಿದರೆ ಸಲೀಸಾಗಿ ಕೂರುತ್ತದೆ. ಕಾಗದದ ಫಿಲ್ಟರ್ ತೆಗೆದೆ, ಬರೀ ಭಾರಕ್ಕೆ ಇಳಿಯುವ ಪೆಟ್ರೋಲಿಗೆ ಅದು ಅಡ್ಡಿ. ಟೀಗಿಂತ ಮೊದಲು ಸಣ್ಣ ಜಾಲರಿ ಫಿಲ್ಟರ್ ಒಂದು ಹಾಕಿದೆ, ಅಷ್ಟೇ.

ಟ್ಯಾಂಕನ್ನು ಹಿಂದಿನಿಂದ ಸ್ವಲ್ಪ ಎತ್ತಿ, ಕೆಳಗೆ ಮರದ ತುಂಡು ಕೊಟ್ಟು ಅಳೆದೆ. ಎಡ 190, ಬಲ 185. ಖುಷಿಯಾಗಿ ಟ್ಯಾಂಕ್ ಕೂರಿಸಿ ಬೋಲ್ಟ್ ಬಿಗಿದೆ. ಸುಮ್ನೆ ಇರಲಿ ಅಂತ ಇನ್ನೊಮ್ಮೆ ಅಳೆದರೆ ಬಲ 90ಕ್ಕೆ ಇಳಿದಿತ್ತು!

ಅರ್ಧ ಗಂಟೆ ಟೀಯನ್ನೇ ಬೈದೆ. ಕೊನೆಗೆ ಅಕ್ಕನ ಕೈಗನ್ನಡಿ ಮತ್ತು ಟಾರ್ಚ್ ತಂದು ಟ್ಯಾಂಕಿನ ಕೆಳಗೆ ಹಿಡಿದೆ. ನಾನು ಜಾಸ್ತಿ ಬಿಟ್ಟ ಆ ಎರಡು ಸೆಂಟಿಮೀಟರ್ ಉಬ್ಬಿ, ಟ್ಯಾಂಕಿಗೂ ಫ್ರೇಮಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಟ್ಯಾಂಕ್ ಎತ್ತಿದ್ದಾಗ ಕಾಣುವುದೇ ಇಲ್ಲ. ಒಂದೂವರೆ ಸೆಂಟಿಮೀಟರ್ ಕತ್ತರಿಸಿ, ಫ್ರೇಮಿಗೆ ಸಡಿಲವಾಗಿ ಒಂದು ಪಟ್ಟಿ ಕಟ್ಟಿದೆ. ಟ್ಯಾಂಕ್ ಬಿಗಿದ ಮೇಲೆ ಎಡ 190, ಬಲ 180.

ಮುಂದಿನ ಭಾನುವಾರ ಬೇಕಂತಲೇ ಕಮ್ಮಿ ಪೆಟ್ರೋಲಿನಲ್ಲಿ ಹೊರಟೆ. ದಾಬಸ್‌ಪೇಟೆ ಹತ್ತಿರ ರಿಸರ್ವ್‌ಗೆ ತಿರುಗಿಸಬೇಕಾಯಿತು. ಅಲ್ಲಿಂದ ತುಮಕೂರಿನವರೆಗೆ ಎಂಬತ್ತರಲ್ಲೇ ಹೋದೆ, ಎಲ್ಲೂ ಸೊರಗಲಿಲ್ಲ. ಇಡ್ಲಿ ತಿಂದು ಪ್ಲಗ್ ಬಿಚ್ಚಿದರೆ ಎರಡೂ ಬಿಸ್ಕತ್ ಬಣ್ಣ, ಎಡಗಡೆಯದು ಕೊಂಚ ಕಪ್ಪು. ಈಗ ಬೆಳಿಗ್ಗೆ ಟೀ ಹತ್ತಿರ ಒಂದು ಹನಿ ಪೆಟ್ರೋಲ್ ಜಿನುಗಿರುತ್ತದೆ, ಅಮ್ಮನಿಗೆ ವಾಸನೆ ಬಂದಿದೆ. ಕ್ಲಿಪ್ ಬದಲಾಯಿಸುವವರೆಗೆ ಗಾಡಿ ತುಳಸಿ ಕಟ್ಟೆ ಕಡೆ ಬರುವ ಹಾಗಿಲ್ಲ, ಗೇಟಿನ ಆಚೆ ನಿಂತಿದೆ.