ಅಳೆಯುವ ಮೊದಲು ಕೋನ ಯಾವುದೆಂದು ಹೇಳಿಸುತ್ತೇನೆ

ಮಕ್ಕಳಿಗೆ ಕೋನಗಳ ಪಾಠ ಮಾಡುವಾಗ ನಾನು ಶುರುವಿನಲ್ಲಿ ಕೋನಮಾಪಕವನ್ನು ಹೊರಗೇ ತೆಗೆಸುವುದಿಲ್ಲ. ಅದು ಕೈಗೆ ಬಂದ ಕೂಡಲೇ ಮಕ್ಕಳು ಕೋನ ನೋಡುವುದು ಬಿಟ್ಟು ಅಂಕಿ ಹುಡುಕಲು ಹೋಗುತ್ತಾರೆ. ಅದರ ಮೇಲೆ ಅಂಕಿಗಳು ಎರಡು ಸಾಲು ಇರುತ್ತವೆ ಅಲ್ವಾ? ಒಂದೇ ಗೀಟಿನ ಹತ್ತಿರ 50 ಕೂಡ ಇದೆ, 130 ಕೂಡ ಇದೆ. ಯಾವುದನ್ನು ಓದುವುದು? ಕೋನ ಲಘುವೋ ವಿಶಾಲವೋ, ಅಂದರೆ 90 ಡಿಗ್ರಿಯ ಲಂಬಕೋನಕ್ಕಿಂತ ಚಿಕ್ಕದೋ ದೊಡ್ಡದೋ ಎಂದು ಮೊದಲೇ ಹೇಳಬಲ್ಲ ಮಗು ಇಲ್ಲಿ ತಡವರಿಸುವುದಿಲ್ಲ.

ಅದಕ್ಕೆ ಮೊದಲು ಒಂದು ಲಂಬಕೋನ ಕೈಯಲ್ಲಿರಬೇಕು. ನಾನು ಅಂಚು ಅಡ್ಡಾದಿಡ್ಡಿ ಹರಿದ ಕಾಗದವನ್ನೇ ಕೊಡುತ್ತೇನೆ. ಒಮ್ಮೆ ಮಡಚಿದರೆ ನೇರ ಅಂಚು ಸಿಗುತ್ತದೆ. ಆ ಅಂಚು ತನ್ನ ಮೇಲೇ ಸರಿಯಾಗಿ ಕೂರುವಂತೆ ಇನ್ನೊಮ್ಮೆ ಮಡಚಿದರೆ ಮೂಲೆಯಲ್ಲಿ ಲಂಬಕೋನ ಸಿದ್ಧ. ಹೇಗೆ ಬಂತು ಎಂದು ಕೇಳಿದರೆ ಮಕ್ಕಳೇ ಹೇಳುತ್ತಾರೆ: ನೇರ ಗೆರೆ ಎರಡು ಸಮಭಾಗ ಆಯಿತು. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸುಮಾರು 2300 ವರ್ಷಗಳ ಹಿಂದೆ ಲಂಬಕೋನವನ್ನು ವಿವರಿಸಿದ್ದೂ ಹೀಗೆಯೇ. ಒಂದು ಗೆರೆಯ ಮೇಲೆ ಇನ್ನೊಂದು ನಿಂತು, ಅಕ್ಕಪಕ್ಕದ ಎರಡೂ ಕೋನ ಸಮವಾದರೆ ಅವು ಲಂಬಕೋನ. ಅದಕ್ಕಿಂತ ದೊಡ್ಡದು ವಿಶಾಲ, ಚಿಕ್ಕದು ಲಘು. ಅಲ್ಲಿ ಡಿಗ್ರಿಯ ಮಾತೇ ಇಲ್ಲ. ಇದು ನನಗೆ ಬಹಳ ಇಷ್ಟ.

ಆ ಮಡಚಿದ ಮೂಲೆಯನ್ನು ಕೋನದ ಶೃಂಗಕ್ಕೆ, ಅಂದರೆ ಅದರ ಎರಡು ಗೆರೆಗಳು ಸೇರುವ ಬಿಂದುವಿಗೆ ಸರಿಯಾಗಿ ಇಟ್ಟು, ಒಂದು ಅಂಚನ್ನು ಒಂದು ಬಾಹುವಿಗೆ, ಅಂದರೆ ಆ ಗೆರೆಗಳಲ್ಲಿ ಒಂದಕ್ಕೆ ಹೊಂದಿಸಬೇಕು. ಇನ್ನೊಂದು ಬಾಹು ಕಾಗದದ ಕೆಳಗೆ ಮರೆಯಾದರೆ ಲಘುಕೋನ. ಅಂಚಿಗೇ ಕೂತರೆ ಲಂಬಕೋನ. ಕಾಗದದಾಚೆ ಕಂಡರೆ ವಿಶಾಲಕೋನ. ಎರಡು ಬಾಹುಗಳೂ ಒಂದೇ ಗೆರೆಯಾದರೆ ಸರಳಕೋನ, ಅಂದರೆ 180 ಡಿಗ್ರಿ. ಅದನ್ನೂ ದಾಟಿ 360ರ ಒಳಗಿದ್ದರೆ ಸರಳಾಧಿಕ ಕೋನ.

ಬಾಹು ಉದ್ದ ಇದ್ದರೆ ಕೋನ ದೊಡ್ಡದು ಎಂದು ತುಂಬಾ ಮಕ್ಕಳಿಗೆ ಅನ್ನಿಸುತ್ತದೆ. ವಾದ ಮಾಡಬೇಡಿ. ಸುಮ್ನೆ ಸ್ಕೇಲ್ ಕೊಟ್ಟು ಬಾಹುಗಳನ್ನು ಇನ್ನಷ್ಟು ಎಳೆಯಲು ಹೇಳಿ, ಮಡಚಿದ ಕಾಗದವನ್ನು ಮತ್ತೆ ಇಡಿಸಿ. ಕೋನ ಇದ್ದಲ್ಲೇ ಇರುತ್ತದೆ.

ನಾನು ಜಾಸ್ತಿ ಹೊತ್ತು ಕೊಡುವುದು ಹೆಸರಿಡುವುದಕ್ಕೆ. ಒ ಎಂಬ ಬಿಂದುವಿನಿಂದ ಎ, ಬಿ, ಸಿ ಎಂಬ ಮೂರು ಬಿಂದುಗಳ ಕಡೆಗೆ ಮೂರು ಕಿರಣ ಎಳೆಯುತ್ತೇನೆ, ಬಿ ನಡುವೆ ಇರುವಂತೆ. ‘ಕೋನ ಒ ಎಷ್ಟಿದೆ?’ ಎಂದು ಕೇಳುತ್ತೇನೆ. ಒಬ್ಬೊಬ್ಬರು ಒಂದೊಂದು ಕೋನ ತೋರಿಸುತ್ತಾರೆ. ಎಲ್ಲರದ್ದೂ ಸರಿಯೇ, ಯಾಕೆಂದರೆ ಅಲ್ಲಿ ಎಒಬಿ, ಬಿಒಸಿ, ಎಒಸಿ ಮೂರೂ ಇವೆ. ಮೂರು ಅಕ್ಷರ ಬೇಕೇ ಬೇಕು, ಶೃಂಗದ ಅಕ್ಷರ ನಡುವೆ ಇರಬೇಕು ಎನ್ನುವುದು ಆಗ ಬರೀ ನಿಯಮವಾಗಿ ಉಳಿಯುವುದಿಲ್ಲ. ಎಒಬಿ ಅಂದರೂ ಬಿಒಎ ಅಂದರೂ ಒಂದೇ. ಆದರೆ ಒಎಬಿ ಅಂದರೆ ಶೃಂಗವೇ ಎ ಆಗಿಬಿಡುತ್ತದೆ. ನಾಲ್ಕನೆಯ ಕಿರಣ ಸೇರಿಸಿದರೆ ಹೀಗೆ ಹೆಸರಿಡಬಹುದಾದ ಕೋನಗಳು ಆರಾಗುತ್ತವೆ. ಅವನ್ನು ಮಕ್ಕಳೇ ಪಟ್ಟಿ ಮಾಡಲಿ, ಎಣಿಸಿ ಹೇಳಬೇಡಿ.

ಒಂದು ತೊಡಕು ಉಳಿಯುತ್ತದೆ. ಎಒಬಿ ಎಂಬ ಹೆಸರು ಒಳಗಿನ ಕೋನಕ್ಕೂ ಸಲ್ಲುತ್ತದೆ, ಸುತ್ತಿ ಬರುವ ಹೊರಗಿನದಕ್ಕೂ ಸಲ್ಲುತ್ತದೆ. ಏನೂ ಹೇಳದಿದ್ದರೆ ಚಿಕ್ಕದನ್ನೇ ತೆಗೆದುಕೊಳ್ಳುವುದು ರೂಢಿ. ದೊಡ್ಡದು ಬೇಕಿದ್ದರೆ ಕಂಸ ಎಳೆದು ತೋರಿಸಬೇಕು. ಅರ್ಧವೃತ್ತದ ಕೋನಮಾಪಕದಲ್ಲಿ ಅದನ್ನು ನೇರವಾಗಿ ಅಳೆಯಲಾಗದು. ಚಿಕ್ಕದನ್ನು ಅಳೆದು 360ರಿಂದ ಕಳೆಯಬೇಕು.

ಇಷ್ಟಾದ ಮೇಲೆ ಕೋನಮಾಪಕ ಹೊರಗೆ ಬರಲಿ. ಆಗಲೂ ನಾನು ಮೊದಲು ವಿಧ ಬರೆಸುತ್ತೇನೆ, ಆಮೇಲೆ ಅಂಕಿ. ಪಕ್ಕದಲ್ಲಿ ‘ಲಘು’ ಎಂದು ಬರೆದ ಮಗು 130 ಬರೆಯಲು ಹೊರಟಾಗ ತಾನೇ ನಿಲ್ಲುತ್ತದೆ.

ಬೇಗ ಮುಗಿಸಿದವರಿಗೆ ಒಂದು ಪ್ರಶ್ನೆ ಇಟ್ಟುಕೊಂಡಿರುತ್ತೇನೆ: ಎರಡು ಲಘುಕೋನ ಅಕ್ಕಪಕ್ಕ ಸೇರಿದರೆ ಯಾವ ಕೋನ? 30, 40 ಸೇರಿದರೆ ಲಘು. 30, 60 ಸೇರಿದರೆ ಲಂಬ. 60, 70 ಸೇರಿದರೆ ವಿಶಾಲ. ಸರಳಕೋನ ಮಾತ್ರ ಎಂದೂ ಆಗದು, ಎರಡೂ 90ಕ್ಕಿಂತ ಕಡಿಮೆಯಲ್ಲವೇ? ಹಾಗಾದರೆ ಎರಡು ವಿಶಾಲಕೋನ ಸೇರಿದರೆ? ಅಲ್ಲಿ ಉತ್ತರ ಒಂದೇ, ಯಾವಾಗಲೂ ಸರಳಾಧಿಕ.