ಆರ್ಡರ್ ಸುದ್ದಿ ಬೇರೆ, ಬ್ಯಾಂಕಿಗೆ ಬರುವ ದುಡ್ಡು ಬೇರೆ: ಆಂಟಿ ಡ್ರೋನ್ ಷೇರನ್ನು ನಾನು ಅಳೆದ ಬಗೆ

ಮೇ 2025, ಆಪರೇಷನ್ ಸಿಂಧೂರದ ದಿನಗಳು. ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಕಡೆ, ಪಾಕಿಸ್ತಾನದಿಂದ ಸುಮಾರು 300ರಿಂದ 400 ಡ್ರೋನ್ ಬಂದವು ಅಂತ ಸರ್ಕಾರವೇ ಹೇಳಿತು. ಅಲ್ಲಿಂದ ಶುರುವಾಯಿತು ನೋಡಿ. ಕಂಪನಿಯ ವರದಿಯಲ್ಲಿ ಎಲ್ಲಾದರೂ 'ಆಂಟಿ ಡ್ರೋನ್', ಅಂದರೆ ಶತ್ರುವಿನ ಡ್ರೋನ್ ತಡೆಯುವ ವ್ಯವಸ್ಥೆ, ಅಂತಿದ್ದರೆ ಸಾಕು, ಷೇರು ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಏರಬಹುದಾದ ಗರಿಷ್ಠ ಮಿತಿ. ಗೆಳೆಯರೆಲ್ಲ ಕೇಳುವುದು ಒಂದೇ, "ಯಾವುದು ತಗೊಳ್ಳಲಿ?"

ನಾನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತ ಸಲಹೆಗಾರ ಅಲ್ಲ. ಬೆಂಗಳೂರಿನಲ್ಲಿ ವೈರ್‌ಲೆಸ್ ಉಪಕರಣಗಳ ಟೆಸ್ಟಿಂಗ್ ಕೆಲಸ ಮಾಡಿದವನು, ಸಂಬಳದಲ್ಲಿ ಉಳಿದದ್ದನ್ನು ಷೇರಿಗೆ ಹಾಕುವವನು. ಇದು ನಾನು ನನಗಾಗಿ ಮಾಡಿಕೊಂಡ ಲೆಕ್ಕ, ಅಷ್ಟೇ.

ಮೊದಲ ಪ್ರಶ್ನೆ, ಯಾವ ಕಂಪನಿ? ಹೈದರಾಬಾದಿನ ಗ್ರೀನ್ ರೋಬೋಟಿಕ್ಸ್, ಚೆನ್ನೈನ ಬಿಗ್ ಬ್ಯಾಂಗ್ ಬೂಮ್ ಈ ಕ್ಷೇತ್ರದಲ್ಲೇ ಇವೆ. ಆದರೆ ಷೇರುಪೇಟೆಯಲ್ಲಿ ಇಲ್ಲ. ನಮ್ಮ ಜಾಲಹಳ್ಳಿಯ ಬಿಇಎಲ್ ಇದೆ. ಡಿಆರ್‌ಡಿಒ ಅಭಿವೃದ್ಧಿಪಡಿಸಿದ ಡಿ4 ಎಂಬ ಡ್ರೋನ್ ತಡೆಯುವ ವ್ಯವಸ್ಥೆಯನ್ನು ತಯಾರಿಸುವುದು ಅವರೇ. ಆದರೆ 2024-25ರಲ್ಲೇ ಅವರ ವಹಿವಾಟು 23,000 ಕೋಟಿಯ ಮೇಲೆ. ಅದರಲ್ಲಿ ಡ್ರೋನ್ ತಡೆಯುವ ಆರ್ಡರ್ ಅಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾಗಾಗಿ ಸಣ್ಣದೂ ಆಗಿರಬೇಕು, ಪೇಟೆಯಲ್ಲೂ ಇರಬೇಕು, ಡ್ರೋನ್ ತಡೆಯುವುದು ಅದರ ಮುಖ್ಯ ವ್ಯಾಪಾರಗಳಲ್ಲಿ ಒಂದಾಗಿರಬೇಕು ಅಂತ ಹುಡುಕಿದಾಗ ಉಳಿದದ್ದು ಹೈದರಾಬಾದಿನ ಝೆನ್ ಟೆಕ್ನಾಲಜೀಸ್. 1993ರಲ್ಲಿ ಶುರುವಾದ ಕಂಪನಿ. ಮೂಲ ಕಸುಬು ಸೈನಿಕರ ತರಬೇತಿಗೆ ಸಿಮ್ಯುಲೇಟರ್. 2021ರಲ್ಲಿ ವಾಯುಪಡೆಯಿಂದ ಸುಮಾರು 155 ಕೋಟಿಯ ಆಂಟಿ ಡ್ರೋನ್ ಆರ್ಡರ್ ಸಿಕ್ಕ ಮೇಲೆ ಎರಡನೇ ಕಾಲು ಬಂತು.

ನಾನು ಬ್ಯಾಲೆನ್ಸ್ ಶೀಟಿಗಿಂತ ಮೊದಲು ನೋಡಿದ್ದು ಯಂತ್ರವನ್ನು. ಅದು ನನ್ನ ಕಸುಬಿನ ಚಟ. ಇವರ ವ್ಯವಸ್ಥೆಯಲ್ಲಿ ಮೂರು ಭಾಗ. ಡ್ರೋನ್ ಮತ್ತು ಅದನ್ನು ಹಾರಿಸುವವನ ನಡುವಿನ ರೇಡಿಯೋ ಸಿಗ್ನಲ್ ಕದ್ದು ಕೇಳುವ ಡಿಟೆಕ್ಟರ್. ಬಂದದ್ದು ಹದ್ದೋ ಡ್ರೋನೋ ಅಂತ ಖಚಿತ ಮಾಡುವ ಕ್ಯಾಮೆರಾ. ಆಮೇಲೆ ಸಿಗ್ನಲ್ ಕತ್ತರಿಸುವ ಜಾಮರ್. ಪೇಟೆಯಲ್ಲಿ ಸಿಗುವ ಡ್ರೋನ್‌ಗಳು ಸಾಮಾನ್ಯವಾಗಿ 2.4 ಅಥವಾ 5.8 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಅಲ್ಲಿ ಗದ್ದಲ ಎಬ್ಬಿಸಿ, ಜೊತೆಗೆ ಜಿಪಿಎಸ್ ಕೂಡ ಕೆಡಿಸಿದರೆ ಡ್ರೋನಿಗೆ ದಿಕ್ಕು ತಪ್ಪುತ್ತದೆ. ಒಂದೋ ಇಳಿಯುತ್ತದೆ, ಇಲ್ಲ ವಾಪಸ್ ಹೋಗುತ್ತದೆ.

ಸರಿ, ಡ್ರೋನ್ ರೇಡಿಯೋನೇ ಬಳಸದಿದ್ದರೆ? ಉಕ್ರೇನ್ ಯುದ್ಧದಲ್ಲಿ 2024ರಿಂದ ಆಗುತ್ತಿರುವುದು ಇದೇ. ಡ್ರೋನ್ ಹಿಂದೆ ಕೂದಲಿನಷ್ಟು ತೆಳು ಆಪ್ಟಿಕಲ್ ಫೈಬರ್ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಹತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಕದ್ದು ಕೇಳೋಕೆ ಸಿಗ್ನಲ್ ಇಲ್ಲ, ಕತ್ತರಿಸೋಕೂ ಇಲ್ಲ. ಮೊದಲೇ ದಾರಿ ತುಂಬಿಸಿ ಬಿಟ್ಟ ಡ್ರೋನ್ ವಿಷಯದಲ್ಲೂ ಅರ್ಧ ಹೀಗೇ, ಕತ್ತರಿಸೋಕೆ ರೇಡಿಯೋ ಸಿಗ್ನಲ್ ಇಲ್ಲ, ಜಿಪಿಎಸ್ ಮಾತ್ರ ಕೆಡಿಸಬಹುದು. ಸಿಂಧೂರದ ಸಮಯದಲ್ಲಿ ನಮ್ಮ ಸೇನೆ ಹಳೆಯ ಎಲ್-70 ಫಿರಂಗಿಗಳಿಂದ ಡ್ರೋನ್ ಹೊಡೆದು ಕೆಡವಿದ್ದು ನೆನಪಿರಬೇಕು ಅಲ್ವಾ? ಹಾಗಾಗಿ ನನ್ನ ಮೊದಲ ಜರಡಿ ಇದು: ಬರೀ ಜಾಮರ್ ಮಾರುವ ಕಂಪನಿಗೆ ನಾನು ದುಡ್ಡು ಹಾಕುವುದಿಲ್ಲ. ಹೊಡೆದು ಕೆಡವುವ ವ್ಯವಸ್ಥೆ, ಅಂದರೆ ಹಾರ್ಡ್ ಕಿಲ್, ಕಂಪನಿಯ ಕೈಯಲ್ಲಿ ಇರಬೇಕು. ಬ್ರೋಷರ್‌ನಲ್ಲಿ ಅಲ್ಲ, ಆರ್ಡರ್‌ನಲ್ಲಿ. ಅಕ್ಟೋಬರ್ 2025ರಲ್ಲಿ ಝೆನ್‌ಗೆ ಹಾರ್ಡ್ ಕಿಲ್ ಇರುವ ವ್ಯವಸ್ಥೆಗೆ ಸುಮಾರು 37 ಕೋಟಿಯ ಆರ್ಡರ್ ಬಂತು. ಮೊತ್ತ ಚಿಕ್ಕದು. ನನಗೆ ಅದು ಅದಕ್ಕಿಂತ ದೊಡ್ಡ ಆರ್ಡರ್‌ಗಳಿಗಿಂತ ಮುಖ್ಯ ಅನ್ನಿಸಿತು.

ಎರಡನೇ ಜರಡಿ, ಗಿರಾಕಿ ಯಾರು? ಮದುವೆ ಹಾಲ್, ಸ್ಟೇಡಿಯಂ, ಕಾರ್ಖಾನೆ ಎಲ್ಲರೂ ಆಂಟಿ ಡ್ರೋನ್ ಕೊಳ್ಳುತ್ತಾರೆ ಅಂತ ಕೆಲವರು ಬಣ್ಣಬಣ್ಣದ ಚಾರ್ಟ್ ಹಾಕುತ್ತಾರೆ. ನಮ್ಮ ದೇಶದಲ್ಲಿ ಖಾಸಗಿಯವರು ಜಾಮರ್ ಇಟ್ಟುಕೊಳ್ಳುವ ಹಾಗೇ ಇಲ್ಲ. ಸೇನೆ, ಪೊಲೀಸ್, ಸರ್ಕಾರಗಳು ಮಾತ್ರ, ಅದೂ ನಿಯಮದ ಪ್ರಕಾರ. ಅಂದರೆ ಕೊಳ್ಳುವವರು ಬೆರಳೆಣಿಕೆ, ಅದರಲ್ಲಿ ರಕ್ಷಣಾ ಸಚಿವಾಲಯವೇ ದೊಡ್ಡದು. ಅವರು ಒಂದು ವರ್ಷ ಕೊಳ್ಳದೆ ಸುಮ್ನೆ ಕೂತರೆ ಕಂಪನಿಯೂ ಕೂರಬೇಕು.

ನಮ್ಮ ಭಾವ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಇದ್ದು ನಿವೃತ್ತರಾದವರು. ಟ್ರಯಲ್ ಬಗ್ಗೆ ಕೇಳಿದೆ. "ನೋಡಪ್ಪ, ರಾಜಸ್ಥಾನದ ಮರಳಲ್ಲಿ ಒಂದು ಸಲ, ಲಡಾಖ್ ಚಳಿಯಲ್ಲಿ ಒಂದು ಸಲ. ಎಲ್ಲಾ ಕಂಪನಿ ಖರ್ಚಲ್ಲೇ. ನೋ ಕಾಸ್ಟ್ ನೋ ಕಮಿಟ್ಮೆಂಟ್ ಅಂತಾನೇ ಹೆಸರು. ಟ್ರಯಲ್ ಪಾಸಾದರೂ ಆರ್ಡರ್ ಬರತ್ತೆ ಅಂತೇನಿಲ್ಲ. ಆಮೇಲೆ ಎಲ್-1 ಬೇರೆ" ಅಂದರು. ಎಲ್-1 ಅಂದರೆ ಕಮ್ಮಿ ಬೆಲೆ ಕೋಟ್ ಮಾಡಿದವನಿಗೆ ಆರ್ಡರ್. ಇಷ್ಟು ದಿನ ಕಾಯೋಕೆ ಜೇಬಲ್ಲಿ ದುಡ್ಡು ಬೇಕು. ಝೆನ್ ಆಗಸ್ಟ್ 2024ರಲ್ಲಿ ದೊಡ್ಡ ಹೂಡಿಕೆದಾರರಿಗೆ ತಲಾ 1,601 ರೂಪಾಯಿಯಂತೆ ಹೊಸ ಷೇರು ಕೊಟ್ಟು 1,000 ಕೋಟಿ ಎತ್ತಿತ್ತು. ಹಳೆಯ ಷೇರುದಾರರ ಪಾಲು ಸ್ವಲ್ಪ ಕರಗಿತು, ನಿಜ. ಆದರೆ ಬೆಲೆ ಏರಿದ್ದಾಗ ಎತ್ತಿದ್ದು ಜಾಣತನ. ಸಾಲದ ಮೇಲೆ ಬದುಕುವ ಸಣ್ಣ ರಕ್ಷಣಾ ಕಂಪನಿಗಿಂತ ಇದು ವಾಸಿ.

ಆಮೇಲೆ ಕೂತದ್ದು ಆರ್ಡರ್ ಬುಕ್, ಅಂದರೆ ಕೈಯಲ್ಲಿದ್ದು ಇನ್ನೂ ಪೂರೈಸದ ಆರ್ಡರ್‌ಗಳ ಲೆಕ್ಕದ ಮುಂದೆ. ನನ್ನ ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ. ಕಂಪನಿಯ ಆದಾಯ 2023-24ರಲ್ಲಿ ಸುಮಾರು 440 ಕೋಟಿ, 2024-25ರಲ್ಲಿ ಸುಮಾರು 970 ಕೋಟಿ. ಎರಡು ಪಟ್ಟಿಗೂ ಜಾಸ್ತಿ. ಪೇಪರ್‌ಗಳಲ್ಲಿ ಬಂದದ್ದು ಈ ಸಾಲು. ಅದರ ಪಕ್ಕದಲ್ಲಿ ನಾನು ಇನ್ನೊಂದು ಸಾಲು ಬರೆದುಕೊಂಡೆ. ಕೈಯಲ್ಲಿದ್ದ ಆರ್ಡರ್ ಮಾರ್ಚ್ 2024ಕ್ಕೆ ಸುಮಾರು 1,400 ಕೋಟಿ, ಮಾರ್ಚ್ 2025ಕ್ಕೆ ಸುಮಾರು 690 ಕೋಟಿ. ಬೆಳೆದದ್ದು ನಿಜ. ಆದರೆ ಕಣಜದಲ್ಲಿದ್ದದ್ದನ್ನು ಖಾಲಿ ಮಾಡಿ ಬೆಳೆದದ್ದು. ಹೊಸ ಆರ್ಡರ್ ಬೇಗ ಬರದಿದ್ದರೆ ಮುಂದಿನ ವರ್ಷ ಆದಾಯ ಇಳಿಯಲೇಬೇಕು. ಹಾಗೇ ಆಯಿತು. 2025ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಆದಾಯ ಸುಮಾರು 158 ಕೋಟಿ, ಹಿಂದಿನ ವರ್ಷ ಇದೇ ಅವಧಿಯಲ್ಲಿ ಸುಮಾರು 255 ಕೋಟಿ. ಟಿವಿಯಲ್ಲಿ ಡ್ರೋನ್ ಯುದ್ಧದ ಗ್ರಾಫಿಕ್ಸ್ ಓಡುತ್ತಿದ್ದ ತಿಂಗಳುಗಳು ಅವು!

ಆರ್ಡರ್ ಬಂತು ಅಂತ ಎಕ್ಸ್‌ಚೇಂಜ್‌ಗೆ ಹಾಕುವ ಕಾಗದವನ್ನೂ ಪೂರ್ತಿ ಓದಬೇಕು. ಎರಡೇ ಪುಟ ಇರುತ್ತದೆ, ಜನ ಮೊದಲ ಸಾಲು ಓದಿ ಬಿಡುತ್ತಾರೆ. ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯಾ? 18 ಪರ್ಸೆಂಟ್ ಸೇರಿದ್ದರೆ 118 ಕೋಟಿ ಅಂದದ್ದು ಕಂಪನಿಗೆ 100 ಕೋಟಿ ಮಾತ್ರ. ವರ್ಷಗಟ್ಟಲೆ ನಿರ್ವಹಣೆಯ ಹಣವೂ ಅದರಲ್ಲೇ ಇದೆಯಾ? ಇದ್ದರೆ ಆ ಭಾಗ ಈಗಲೇ ಬರುವುದಿಲ್ಲ. ಎಷ್ಟು ತಿಂಗಳಲ್ಲಿ ಮುಗಿಸಬೇಕು? ತುರ್ತು ಖರೀದಿಯಾದರೆ ಬೇಗ ಪೂರೈಸಬೇಕು, ದುಡ್ಡೂ ಬೇಗ ತಿರುಗುತ್ತದೆ. ಆದರೆ ತುರ್ತು ಖರೀದಿ ಮತ್ತೆ ಮತ್ತೆ ಬರುವಂಥದ್ದಲ್ಲ.

ನವೆಂಬರ್ 2025ರಲ್ಲಿ ಬಂದ ಸುಮಾರು 289 ಕೋಟಿಯ ಎರಡು ಗುತ್ತಿಗೆಗಳನ್ನು ಓದುವಾಗ ನಾನು ಗುರುತು ಹಾಕಿದ್ದು ಮೊತ್ತಕ್ಕಲ್ಲ. ಅವು ಆಂಟಿ ಡ್ರೋನ್ ವ್ಯವಸ್ಥೆಗಳನ್ನು ಮೇಲ್ದರ್ಜೆಗೆ ಏರಿಸುವ ಗುತ್ತಿಗೆಗಳು. ಒಮ್ಮೆ ಸೇನೆಯ ಒಳಗೆ ಹೊಕ್ಕ ಯಂತ್ರಕ್ಕೆ ಹೊಸ ಅಪ್‌ಗ್ರೇಡ್ ಬೇಕಾದಾಗ ಹೊಸಬರನ್ನು ಕರೆಯುವುದು ಕಷ್ಟ. ಸಣ್ಣ ಕಂಪನಿಗೆ ಇರುವ ನಿಜವಾದ ಬೇಲಿ ಅಂದರೆ ಇದೇ ಅಂತ ನನ್ನ ಲೆಕ್ಕ. ಪೇಟೆಂಟ್ ಸಂಖ್ಯೆಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ.

ಬಾಕಿ ವಸೂಲಿಯದು ಒಂದೇ ಮಾತು. ಐದು ವರ್ಷದ ನಿವ್ವಳ ಲಾಭ ಕೂಡಿಸಿ, ಐದು ವರ್ಷದ ಕಾರ್ಯಾಚರಣೆಯ ನಗದು, ಅಂದರೆ ವ್ಯಾಪಾರದಿಂದ ನಿಜವಾಗಿ ಕೈಗೆ ಬಂದ ದುಡ್ಡು, ಕೂಡಿಸಿ, ಪಕ್ಕಪಕ್ಕ ಇಡಿ. ನಗದು ತುಂಬಾ ಹಿಂದೆ ಬಿದ್ದಿದ್ದರೆ ಲಾಭ ಇನ್ನೂ ಸರ್ಕಾರದ ಫೈಲಿನಲ್ಲಿದೆ ಅಂತ ಅರ್ಥ.

ಕೊನೆಗೆ ಬೆಲೆ. ಈ ಷೇರು ಡಿಸೆಂಬರ್ 2024ರಲ್ಲಿ 2,600 ದಾಟಿತ್ತು. ಫೆಬ್ರುವರಿ 2025ರಲ್ಲಿ ಒಂದು ತ್ರೈಮಾಸಿಕದ ಫಲಿತಾಂಶ ಸಪ್ಪೆಯಾಯಿತು ಅಂತ ಲೋವರ್ ಸರ್ಕ್ಯೂಟ್ ಬಿದ್ದು ಸಾವಿರದ ಕೆಳಗೆ ಹೋಯಿತು. ಸಿಂಧೂರದ ನಂತರ ಮತ್ತೆ 2,000ದ ಆಸುಪಾಸು. ಒಟ್ಟು ಷೇರು ಸುಮಾರು 9 ಕೋಟಿ. ಅಂದರೆ 2,000 ರೂಪಾಯಿಗೆ ಇಡೀ ಕಂಪನಿಯ ಬೆಲೆ 18,000 ಕೋಟಿ. 2024-25ರ ಲಾಭ 300 ಕೋಟಿ ಹತ್ತಿರ. ಲಾಭದ 60 ಪಟ್ಟು.

ಈಗ ಉದಾರವಾಗಿಯೇ ಯೋಚಿಸೋಣ. ಮೂರು ವರ್ಷದಲ್ಲಿ ಆದಾಯ 2,000 ಕೋಟಿ ಮುಟ್ಟಿತು, ಅದರಲ್ಲಿ ಕಾಲು ಭಾಗ ನಿವ್ವಳ ಲಾಭ ಉಳಿಯಿತು ಅನ್ನಿ. 500 ಕೋಟಿ. ಆಗಿನ ಪೇಟೆ ಅದಕ್ಕೆ 35 ಪಟ್ಟು ಕೊಟ್ಟರೆ ಕಂಪನಿಯ ಬೆಲೆ 17,500 ಕೋಟಿ. ಎಲ್ಲಾ ಚೆನ್ನಾಗಿ ನಡೆದರೂ 2,000ಕ್ಕೆ ಕೊಂಡವನಿಗೆ ಮೂರು ವರ್ಷ ಕಾದು ಏನೂ ಸಿಗಲಿಲ್ಲ. ಅದೇ 1,400ಕ್ಕೆ ಕೊಂಡರೆ ವರ್ಷಕ್ಕೆ 11-12 ಪರ್ಸೆಂಟ್. ಒಬ್ಬನೇ ದೊಡ್ಡ ಗಿರಾಕಿ ಇರುವ ಕಂಪನಿಯ ರಿಸ್ಕ್‌ಗೆ ಇದೂ ಕಮ್ಮಿನೇ.

ಹಾಗಾಗಿ ಮೇ ತಿಂಗಳ ಓಟದಲ್ಲಿ ನಾನು ಒಂದು ಷೇರೂ ಕೊಳ್ಳಲಿಲ್ಲ. ಬೆಲೆ 1,400ರ ಹತ್ತಿರಕ್ಕೆ ಇಳಿದ ಮೇಲೆ, ಅಪ್‌ಗ್ರೇಡ್ ಗುತ್ತಿಗೆಯ ಕಾಗದ ಓದಿದ ಮೇಲೆ, ಸ್ವಲ್ಪ ಕೊಂಡೆ. ನನ್ನ ಒಟ್ಟು ಷೇರಿನಲ್ಲಿ ಇದರ ಪಾಲು ನೂರಕ್ಕೆ ಮೂರು ದಾಟಬಾರದು ಅಂತ ಗೆರೆ ಹಾಕಿಕೊಂಡಿದ್ದೇನೆ, ಸದ್ಯ ಕೊಂಡಿರುವುದು ಅದರಲ್ಲಿ ಅರ್ಧ. ಉಳಿದರ್ಧಕ್ಕೆ ಎರಡು ಷರತ್ತು. ಕೈಯಲ್ಲಿರುವ ಆರ್ಡರ್ ಮತ್ತೆ ಒಂದು ವರ್ಷದ ಆದಾಯಕ್ಕಿಂತ ಮೇಲೆ ಹೋಗಬೇಕು, ಮತ್ತು ಹೊಸ ಆರ್ಡರ್‌ಗಳಲ್ಲಿ ಹಾರ್ಡ್ ಕಿಲ್ ಪಾಲು ಹೆಚ್ಚಬೇಕು. ಎರಡರಲ್ಲಿ ಒಂದೇ ಆದರೆ ಇರುವಷ್ಟು ಇಟ್ಟುಕೊಳ್ಳುತ್ತೇನೆ. ಎರಡೂ ಆಗದಿದ್ದರೆ ಮಾರಿ ಹೊರಗೆ ಬರುತ್ತೇನೆ, ಆಗ ಟಿವಿಯಲ್ಲಿ ಏನೇ ಓಡುತ್ತಿದ್ದರೂ.